ಕಾರು ಶೋರೂಮ್ ವಿನ್ಯಾಸ: ಹೆದ್ದಾರಿ ಬದಿಯ ನಿವೇಶನದಿಂದ ಡೆಲಿವರಿ ಅಂಗಳದವರೆಗೆ

ಡೀಲರ್‌ಶಿಪ್ ಖಚಿತವಾದ ಕೂಡಲೇ ಕಾರು ಕಂಪನಿಯಿಂದ ಬರುವ ಮೊದಲ ದಪ್ಪ ಕಡತವೆಂದರೆ ಶೋರೂಮ್ ಹೇಗಿರಬೇಕೆಂದು ವಿವರಿಸುವ ಕೈಪಿಡಿ. ಮುಂಭಾಗದ ಹಲಗೆಯ ಬಣ್ಣ, ಲಾಂಛನದ ಎತ್ತರ, ನೆಲದ ಟೈಲ್ಸಿನ ಛಾಯೆ, ಕೊನೆಗೆ ಸೋಫಾಕ್ಕೆ ಹೊದಿಸುವ ಬಟ್ಟೆಯವರೆಗೆ ಎಲ್ಲವನ್ನೂ ಅದರಲ್ಲಿ ನಿಗದಿ ಮಾಡಿರುತ್ತಾರೆ. ಮಧ್ಯಾಹ್ನ ಮೂರು ಗಂಟೆಯ ಬಿಸಿಲು ನಿಮ್ಮ ನಿವೇಶನದ ಯಾವ ಗೋಡೆಗೆ ಬೀಳುತ್ತದೆ, ಕಾರು ಹೊತ್ತು ತರುವ ಟ್ರೇಲರ್ ಎಲ್ಲಿ ತಿರುಗಬೇಕು, ಆಯುಧಪೂಜೆಯ ಬೆಳಿಗ್ಗೆ ಒಂದೇ ಮುಹೂರ್ತಕ್ಕೆ ಹತ್ತು ಕುಟುಂಬಗಳು ಬಂದು ನಿಂತರೆ ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಮಾತ್ರ ಅದರಲ್ಲಿ ಉತ್ತರವಿರುವುದಿಲ್ಲ. ಆ ಉತ್ತರಗಳನ್ನು ಹುಡುಕಬೇಕಾದವರು ವಾಸ್ತುಶಿಲ್ಪಿ ಮತ್ತು ಡೀಲರ್. ಈ ಮಾರ್ಗದರ್ಶಿ ಕರ್ನಾಟಕದ ಜಿಲ್ಲಾ ಕೇಂದ್ರವೊಂದರ ಹೊರವಲಯದಲ್ಲಿ, ಹೆದ್ದಾರಿಯ ಬದಿಯಲ್ಲಿ, ಮಾರಾಟ, ಸರ್ವೀಸ್ ಮತ್ತು ಬಿಡಿಭಾಗಗಳ ಮೂರೂ ಕೆಲಸಗಳನ್ನು ಒಂದೇ ಆವರಣದಲ್ಲಿ ನಡೆಸುವ ಶೋರೂಮನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಇಲ್ಲಿ ಸೂಚಿಸುವ ಕ್ರಮ ರೂಢಿಗೆ ತಿರುವುಮುರುವಾಗಿದೆ. ರೂಢಿಯಲ್ಲಿ ಮೊದಲು ಎಲಿವೇಶನ್ (ಕಟ್ಟಡದ ಮುಂಭಾಗದ ನಕ್ಷೆ) ಬರೆಯಲಾಗುತ್ತದೆ, ಅದನ್ನು ಕಂಪನಿ ಒಪ್ಪುತ್ತದೆ, ಉಳಿದದ್ದನ್ನು ಅದರ ಹಿಂದೆ ತುರುಕಲಾಗುತ್ತದೆ. ಕಾರು ಆವರಣಕ್ಕೆ ಬಂದ ಕ್ಷಣದಿಂದ ಗ್ರಾಹಕರ ಕೈಸೇರಿ ಗೇಟು ದಾಟುವವರೆಗಿನ ದಾರಿಯನ್ನು ಮೊದಲು ಬರೆದು, ಆಮೇಲೆ ಬಿಸಿಲಿನ ಲೆಕ್ಕ ಮಾಡಿ, ಮುಂಭಾಗವನ್ನು ಕೊನೆಗೆ ಜೋಡಿಸಿದರೆ ಕಟ್ಟಡ ಚೆನ್ನಾಗಿ ದುಡಿಯುತ್ತದೆ.

ನಿವೇಶನ ಮತ್ತು ಮಣ್ಣು

ರಾಷ್ಟ್ರೀಯ ಹೆದ್ದಾರಿಯ ಬದಿಯ ಜಮೀನು ನೋಡುವಾಗ ರಸ್ತೆಗೆ ಎಷ್ಟು ಅಗಲ ತೆರೆದಿದೆ ಎನ್ನುವುದರ ಜೊತೆಗೆ ಎಷ್ಟು ಆಳವಿದೆ ಎನ್ನುವುದನ್ನೂ ನೋಡಬೇಕು. ಊರ ಹೊರಗಿನ ಭಾಗಗಳಲ್ಲಿ ಹೆದ್ದಾರಿಯ ನಡುಗೆರೆಯಿಂದ 40 ಮೀಟರ್‌ವರೆಗೆ ಕಟ್ಟಡ ರೇಖೆ (ಅದರೊಳಗೆ ಕಟ್ಟುವಂತಿಲ್ಲ), 75 ಮೀಟರ್‌ವರೆಗೆ ನಿಯಂತ್ರಣ ರೇಖೆ (ಅಲ್ಲಿಯವರೆಗೆ ಕಟ್ಟಲು ನಿರ್ಬಂಧಗಳಿವೆ) ಎಂಬ ನಿಯಮವಿರುವುದರಿಂದ, ಆಳ ಕಡಿಮೆಯಿರುವ ಜಮೀನಿನಲ್ಲಿ ಶೋರೂಮ್ ಕಟ್ಟಿದ ಮೇಲೆ ವರ್ಕ್‌ಶಾಪಿಗೆ ಜಾಗವೇ ಉಳಿಯುವುದಿಲ್ಲ. ಹೆದ್ದಾರಿಯಿಂದ ಒಳಕ್ಕೆ ಬರುವ ದಾರಿಗೂ ಪ್ರತ್ಯೇಕ ಅನುಮತಿ ಬೇಕು. ವಾಹನ ವೇಗ ತಗ್ಗಿಸಿ ಒಳಬರುವ ಪಥ ಮತ್ತು ಹೊರಹೋಗುವಾಗ ವೇಗ ಹೆಚ್ಚಿಸಿಕೊಳ್ಳುವ ಪಥ ಎರಡನ್ನೂ ಆ ನಕ್ಷೆಯಲ್ಲಿ ತೋರಿಸಬೇಕಾಗುತ್ತದೆ. ಜಮೀನು ಕೃಷಿಯದಾಗಿದ್ದರೆ ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 95ನೇ ಪ್ರಕರಣದಡಿ ಭೂಪರಿವರ್ತನೆ ಆಗಬೇಕು. ಈ ಕಾಗದಗಳು ಕೈಗೆ ಬರುವ ಮುನ್ನ ಕಂಪನಿಗೆ ಉದ್ಘಾಟನೆಯ ದಿನಾಂಕ ಹೇಳುವುದು ಅವಸರದ ಕೆಲಸ.

ಮಣ್ಣಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಹುಬ್ಬಳ್ಳಿ, ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಕಂಬಗಳಿಗೆ ಪಾಯವನ್ನು ಗಟ್ಟಿಯಾಗಿ ಹಾಕಿ ನೆಲವನ್ನು ಮಾತ್ರ ಎರೆಮಣ್ಣಿನ ಮೇಲೆಯೇ ಹಾಸಿದರೆ ಕಟ್ಟಡ ನಿಲ್ಲುತ್ತದೆ, ನೆಲ ಒಡೆಯುತ್ತದೆ. ಉಳಿದ ಕಟ್ಟಡಗಳಲ್ಲಿ ಸಣ್ಣ ಬಿರುಕನ್ನು ಸಹಿಸಿಕೊಳ್ಳಬಹುದು. ಶೋರೂಮಿನಲ್ಲಾದರೋ ಮೂರು ಕಡೆ ಬೆಳಕು ಬಿದ್ದು ಹೊಳೆಯುವ ನೆಲವೇ ಪ್ರದರ್ಶನದ ಅರ್ಧ ಭಾಗ. ಆದ್ದರಿಂದ ಮಣ್ಣು ಪರೀಕ್ಷೆಯ ವರದಿ ಹೇಳುವಷ್ಟು ಆಳಕ್ಕೆ ಎರೆಮಣ್ಣನ್ನು ತೆಗೆದು, ಉಬ್ಬದ ಗರಸನ್ನು ತೆಳುಪದರಗಳಲ್ಲಿ ನೀರು ಹಾಕಿ ದಮ್ಮಸ್ಸು ಮಾಡಿ ತುಂಬಿದ ಮೇಲಷ್ಟೇ ಕಾಂಕ್ರೀಟ್ ನೆಲ ಹಾಕಬೇಕು. ಕಟ್ಟಡದ ಸುತ್ತ ಮಳೆನೀರು ನಿಲ್ಲದಂತೆ ಅಗಲವಾದ ಕಾಂಕ್ರೀಟ್ ಅಂಚು ಮತ್ತು ಚರಂಡಿ ಕೊಡುವುದೂ ಇದೇ ಕೆಲಸದ ಭಾಗ. ಗುತ್ತಿಗೆದಾರರು ಇದಕ್ಕೆ ಹೇಳುವ ಹೆಚ್ಚುವರಿ ಖರ್ಚನ್ನು ಚೌಕಾಸಿ ಮಾಡದೆ ಒಪ್ಪಿಕೊಳ್ಳುವುದು ಲೇಸು.

ಐದು ದಾರಿಗಳ ನಕ್ಷೆ

ನಿವೇಶನದ ನಕ್ಷೆಯ ಮೇಲೆ ಐದು ಬಣ್ಣಗಳಲ್ಲಿ ಐದು ದಾರಿಗಳನ್ನು ಬರೆಯಿರಿ: ಕಾರು ಕೊಳ್ಳಲು ಬರುವವರದು, ಸರ್ವೀಸಿಗೆ ಕಾರು ಬಿಡಲು ಬರುವವರದು, ಹೊಸ ಕಾರುಗಳ ಟ್ರೇಲರಿನದು, ಟೆಸ್ಟ್ ಡ್ರೈವ್ ಕಾರಿನದು, ಡೆಲಿವರಿಯಾಗಿ ಹೊರಡುವ ಕಾರಿನದು. ಇವು ಒಂದನ್ನೊಂದು ದಾಟುವ ಜಾಗಗಳು ಎಷ್ಟು ಕಡಿಮೆಯಿರುತ್ತವೆಯೋ ಆವರಣ ಅಷ್ಟು ಸಲೀಸಾಗಿ ನಡೆಯುತ್ತದೆ. ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಯವರೆಗೆ ಸರ್ವೀಸಿಗೆ ಬರುವ ಕಾರುಗಳ ಸಾಲು ಅತಿ ಉದ್ದವಾಗಿರುತ್ತದೆ. ಅದೇ ಹೊತ್ತಿಗೆ ಶುಭ ಮುಹೂರ್ತದ ಡೆಲಿವರಿಗಳೂ ಇರುತ್ತವೆ. ಒಂದೇ ಗೇಟಿನಲ್ಲಿ ಎರಡನ್ನೂ ನಡೆಸಿದರೆ, ಹೊಸ ಕಾರಿಗೆ ಹಾರ ಹಾಕಿ ಹೊರಟವರು ಗೊಣಗುತ್ತಾ ನಿಂತ ಹಳೆಯ ಗ್ರಾಹಕರ ನಡುವೆ ದಾರಿ ಮಾಡಿಕೊಂಡು ಹೋಗಬೇಕಾಗುತ್ತದೆ. ಮಾರಾಟಕ್ಕೆ ಇದಕ್ಕಿಂತ ಕೆಟ್ಟ ಜಾಹೀರಾತು ಬೇರೆ ಇಲ್ಲ.

ಹೊಸ ಕಾರು ತರುವ ಟ್ರೇಲರ್ ಸುಮಾರು 18 ಮೀಟರ್ ಉದ್ದವಿರುತ್ತದೆ. ಅದು ಆವರಣದೊಳಕ್ಕೆ ಬಂದು, ಕಾರುಗಳನ್ನು ಇಳಿಸಿ, ಹಿಂದಕ್ಕೆ ಚಲಿಸದೆ ಹೊರಹೋಗುವಂತಿರಬೇಕು. ಬಹಳಷ್ಟು ಕಡೆ ಈ ಜಾಗವನ್ನು ಉಳಿಸಿಕೊಳ್ಳದ ಕಾರಣ ಟ್ರೇಲರನ್ನು ರಸ್ತೆಯಲ್ಲೇ ನಿಲ್ಲಿಸಿ, ರಾತ್ರಿ ಹೊತ್ತು ಕಾರುಗಳನ್ನು ಇಳಿಸುವುದನ್ನು ಕಾಣುತ್ತೇವೆ. ಅದು ಅಪಾಯಕರವೂ ಹೌದು, ನಿಯಮಬಾಹಿರವೂ ಹೌದು. ಜಾಗವೇ ಇಲ್ಲದಿದ್ದರೆ ಸ್ಟಾಕ್‌ಯಾರ್ಡನ್ನು ಬೇರೆಡೆ ಅಗ್ಗದ ಜಮೀನಿನಲ್ಲಿ ಮಾಡಿ, ಅಲ್ಲಿಂದ ಒಂದೊಂದೇ ಕಾರನ್ನು ಚಲಾಯಿಸಿ ತರುವುದು ಮೇಲು.

ಡೆಲಿವರಿಗೆ ಸಲ್ಲಬೇಕಾದ ಜಾಗ

ಕಾರು ಹಸ್ತಾಂತರವನ್ನೇ ಕಟ್ಟಡದ ಕೇಂದ್ರವಾಗಿಸಿದ ಎರಡು ದೊಡ್ಡ ನಿದರ್ಶನಗಳು ಜರ್ಮನಿಯಲ್ಲಿವೆ. ಫೋಕ್ಸ್‌ವ್ಯಾಗನ್ ಕಂಪನಿ 2000ದಲ್ಲಿ ತೆರೆದ ವೋಲ್ಫ್ಸ್‌ಬರ್ಗಿನ ಆಟೋಸ್ಟಾಟ್‌ನಲ್ಲಿ 48 ಮೀಟರ್ ಎತ್ತರದ ಎರಡು ಗಾಜಿನ ಗೋಪುರಗಳಿವೆ. ಒಂದೊಂದರಲ್ಲಿ 400 ಕಾರುಗಳು ನಿಲ್ಲುತ್ತವೆ, ಗ್ರಾಹಕರ ಸರದಿ ಬಂದಾಗ ಯಂತ್ರವೇ ಕಾರನ್ನು ಕೆಳಗಿಳಿಸುತ್ತದೆ. 2007ರಲ್ಲಿ ಮ್ಯೂನಿಕ್‌ನಲ್ಲಿ ಕೂಪ್ ಹಿಮ್ಮೆಲ್‌ಬ್ಲಾವ್ ಸಂಸ್ಥೆಯ ವಿನ್ಯಾಸದಲ್ಲಿ ತೆರೆದ ಬಿಎಂಡಬ್ಲ್ಯು ವೆಲ್ಟ್‌ನಲ್ಲಿ ಕೊಂಡವರು ಮೆಟ್ಟಿಲಿಳಿದು ಬರುವಾಗ ಅವರ ಕಾರು ಕೆಳಗೆ ತಿರುಗು ವೇದಿಕೆಯ ಮೇಲೆ ದೀಪದಡಿ ಕಾಯುತ್ತಿರುತ್ತದೆ. ಅಷ್ಟು ದೊಡ್ಡ ಹಣ ನಮ್ಮ ಡೀಲರುಗಳ ಬಳಿ ಇಲ್ಲದಿರಬಹುದು, ಆದರೆ ಹಸ್ತಾಂತರದ ಆಚರಣೆ ನಮ್ಮಲ್ಲಿ ಅವರಿಗಿಂತ ಗಾಢವಾಗಿದೆ. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಇಡೀ ಮನೆಯವರು ಬರುತ್ತಾರೆ. ಅರಿಶಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಕರ್ಪೂರದ ಆರತಿ ಎತ್ತಿ, ತೆಂಗಿನಕಾಯಿ ಒಡೆದು, ನಾಲ್ಕು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಕಾರನ್ನು ಮುಂದಕ್ಕೆ ಉರುಳಿಸುತ್ತಾರೆ. ಆಮೇಲೆ ಫೋಟೋ.

ಇಷ್ಟೆಲ್ಲ ನಡೆಯುವ ಜಾಗಕ್ಕೆ ಕೈಪಿಡಿಗಳು ಕೊಡುವುದು ಸಾಮಾನ್ಯವಾಗಿ ಒಂದೋ ಎರಡೋ ಕಾರು ನಿಲ್ಲುವ, ಹೊಳೆಯುವ ಟೈಲ್ಸಿನ, ಗಾಜಿನ ಗೋಡೆಯ ಒಂದು ಕೋಣೆ. ನಿಂಬೆರಸ ಮತ್ತು ತೆಂಗಿನ ನೀರು ಬಿದ್ದ ಪಾಲಿಶ್ ಟೈಲ್ಸಿನ ಮೇಲೆ ವಯಸ್ಸಾದವರು ಜಾರುತ್ತಾರೆ. ಅಮೃತಶಿಲೆಯನ್ನು ಹಾಸಿದ್ದರೆ ನಿಂಬೆಯ ಹುಳಿ ಅದರ ಹೊಳಪನ್ನೇ ತಿನ್ನುತ್ತದೆ, ಕುಂಕುಮ ಸಂದಿಗಳಲ್ಲಿ ಇಳಿದು ಕೂರುತ್ತದೆ. ಡೆಲಿವರಿ ಜಾಗದ ನೆಲಕ್ಕೆ ಸಾದರಹಳ್ಳಿಯ ಬೂದು ಗ್ರಾನೈಟನ್ನು ಬೆಂಕಿ ತಾಗಿಸಿ ಒರಟು ಮಾಡಿ ಹಾಕಿದರೆ ಜಾರುವುದಿಲ್ಲ, ಹುಳಿಗೂ ಜಗ್ಗುವುದಿಲ್ಲ. ನೂರಕ್ಕೆ ಒಂದರಷ್ಟು ಇಳಿಜಾರು ಕೊಟ್ಟು ಒಂದು ಅಂಚಿನಲ್ಲಿ ಉಕ್ಕಿನ ಜಾಲರಿಯ ಚರಂಡಿ ಇಡಬೇಕು. ಹತ್ತಿರದಲ್ಲೇ ಒಂದು ನಲ್ಲಿ, ಕೈ ತೊಳೆಯುವ ತೊಟ್ಟಿ, ಪೂಜಾ ಸಾಮಗ್ರಿ ಇಡಲು ಸೊಂಟದೆತ್ತರದ ಕಲ್ಲಿನ ಕಟ್ಟೆ ಇರಬೇಕು. ತೆಂಗಿನಕಾಯಿ ಒಡೆಯಲು ನೆಲದಲ್ಲಿ ಒಂದು ಕಲ್ಲನ್ನು ಹುದುಗಿಸಿಟ್ಟರೆ ಯಾರೂ ಟೈಲ್ಸಿನ ಅಂಚನ್ನು ಹುಡುಕುವುದಿಲ್ಲ.

ಕರ್ಪೂರದ ಹೊಗೆಯನ್ನೂ ಮರೆಯಬಾರದು. ಹೊಗೆ ಪತ್ತೆಹಚ್ಚುವ ಸಂವೇದಕವನ್ನು ಅದೇ ಜಾಗದ ಚಾವಣಿಗೆ ಹಾಕಿದರೆ ಪ್ರತಿ ಆರತಿಗೂ ಅಲಾರಂ ಕೂಗುತ್ತದೆ. ಎರಡು ವಾರದಲ್ಲಿ ಸಿಬ್ಬಂದಿ ಅದನ್ನು ಬಿಚ್ಚಿಡುತ್ತಾರೆ. ಅಲ್ಲಿಗೆ ಶಾಖ ಪತ್ತೆಹಚ್ಚುವ ಸಂವೇದಕ ಹಾಕುವಂತೆ ಅಗ್ನಿ ಸುರಕ್ಷತಾ ಸಲಹೆಗಾರರೊಂದಿಗೆ ಮೊದಲೇ ಮಾತಾಡಿಕೊಳ್ಳಬೇಕು.

ಸಂಖ್ಯೆಯ ಸಮಸ್ಯೆ ಇನ್ನೂ ದೊಡ್ಡದು. ಆಷಾಢದಲ್ಲಿ ಡೆಲಿವರಿ ಅಂಗಳ ಬಹುತೇಕ ಖಾಲಿ. ಯುಗಾದಿ, ಅಕ್ಷಯ ತೃತೀಯ, ಆಯುಧಪೂಜೆ, ವಿಜಯದಶಮಿಗಳಂದು ರಾಹುಕಾಲ ಕಳೆದ ಮರುಗಳಿಗೆಯಲ್ಲಿ ಎಲ್ಲರಿಗೂ ಒಟ್ಟಿಗೆ ಕಾರು ಬೇಕು. ವರ್ಷದ ಆ ನಾಲ್ಕೈದು ದಿನಗಳಿಗಾಗಿ ಹತ್ತು ಕೋಣೆ ಕಟ್ಟಲಾಗದು. ಶೋರೂಮ್ ಮತ್ತು ವರ್ಕ್‌ಶಾಪಿನ ನಡುವೆ ಹತ್ತು ಹನ್ನೆರಡು ಕಾರು ನಿಲ್ಲುವಷ್ಟು ಚಾವಣಿ ಹಾಕಿದ, ಮೂರು ಕಡೆ ತೆರೆದ ಅಂಗಳವೊಂದನ್ನು ಇಟ್ಟು, ಅದನ್ನು ನಿತ್ಯ ಟೆಸ್ಟ್ ಡ್ರೈವ್ ಕಾರುಗಳಿಗೂ ಸರ್ವೀಸ್ ಮುಗಿದ ಕಾರುಗಳಿಗೂ ಬಳಸಿ, ಹಬ್ಬದ ದಿನ ಖಾಲಿ ಮಾಡಿ ಡೆಲಿವರಿಗೆ ಬಿಟ್ಟುಕೊಡುವುದು ಅನುಕೂಲಕರ. ಅದರ ನೆಲ, ಚರಂಡಿ, ದೀಪಗಳನ್ನು ಮೊದಲಿಂದಲೇ ಡೆಲಿವರಿಗೆ ತಕ್ಕಂತೆ ಮಾಡಿರಬೇಕು. ಇದರಿಂದ ಕೈಪಿಡಿ ಕೇಳುವ ಗಾಜಿನ ಕೋಣೆಯನ್ನು ಒಂದೇ ಕಾರಿಗೆ ಸೀಮಿತಗೊಳಿಸಬಹುದು. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಬೆಲೆಬಾಳುವ ಚದರಡಿಗಳು ಈ ಅಂಗಳದವು.

ಗಾಜು ಮತ್ತು ಬಿಸಿಲು

ಶೋರೂಮೆಂದರೆ ಗಾಜು ಎಂಬ ಭಾವನೆ ಗಟ್ಟಿಯಾಗಿ ಕೂತಿದೆ. ಗಾಜು ಬೇಕು, ಸರಿ. ಯಾವ ದಿಕ್ಕಿಗೆ, ಎಷ್ಟು, ಯಾವ ಗುಣದ್ದು ಎಂಬುದನ್ನು ಲೆಕ್ಕ ಹಾಕಿ ನಿರ್ಧರಿಸಬೇಕು. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿಗಳ ಮೂಲಕ ಹುಬ್ಬಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಒಟ್ಟಾರೆಯಾಗಿ ಆಗ್ನೇಯದಿಂದ ವಾಯವ್ಯಕ್ಕೆ ಸಾಗುತ್ತದೆ. ಹಾಗಾಗಿ ಅದರ ಬದಿಯ ನಿವೇಶನಗಳಲ್ಲಿ ಬಹುಪಾಲು ಈಶಾನ್ಯಕ್ಕೆ ಅಥವಾ ನೈರುತ್ಯಕ್ಕೆ ಮುಖ ಮಾಡಿರುತ್ತವೆ. ಈಶಾನ್ಯದ ನಿವೇಶನ ಸಿಕ್ಕವರು ಅದೃಷ್ಟವಂತರು. ಬೆಳಗಿನ ಎಳೆಬಿಸಿಲು ಕಳೆದರೆ ದಿನವಿಡೀ ತಂಪಾದ ಬೆಳಕು. ನೈರುತ್ಯದವರು ಮಧ್ಯಾಹ್ನದಿಂದ ಸಂಜೆಯವರೆಗೂ ಸೂರ್ಯನನ್ನು ಎದುರಿಸಬೇಕು.

ಲೆಕ್ಕ ಹೀಗಿದೆ. 20 ಮೀಟರ್ ಅಗಲ, 4 ಮೀಟರ್ ಎತ್ತರದ ಗಾಜಿನ ಮುಂಭಾಗವೆಂದರೆ 80 ಚದರ ಮೀಟರ್. ಸಂಜೆಯ ಬಿಸಿಲಿಗೆ ನೇರವಾಗಿ ಒಡ್ಡಿದ ಗಾಜಿನ ಪ್ರತಿ ಚದರ ಮೀಟರಿಗೆ 650 ವ್ಯಾಟ್ ಶಾಖ ಬೀಳುತ್ತದೆಂದು ಇಟ್ಟುಕೊಳ್ಳೋಣ. ಸಾಮಾನ್ಯ ಪಾರದರ್ಶಕ ಗಾಜು ಅದರಲ್ಲಿ ಶೇಕಡ 80ರಷ್ಟನ್ನು ಒಳಕ್ಕೆ ಬಿಡುವುದರಿಂದ ಸುಮಾರು 42 ಕಿಲೋವ್ಯಾಟ್ ಶಾಖ ಒಳಬರುತ್ತದೆ. ಅದನ್ನು ಹೊರಹಾಕಲೆಂದೇ ಹೆಚ್ಚುಕಡಿಮೆ 12 ಟನ್ ಎಸಿ ಬೇಕಾಗುತ್ತದೆ. ಸೌರಶಾಖದ ಶೇಕಡ 27ನ್ನಷ್ಟೇ ಒಳಬಿಡುವ, ಎರಡು ಪದರದ, ಲೇಪನವಿರುವ ಗಾಜು ಹಾಕಿದರೆ ಅದೇ ಕೆಲಸಕ್ಕೆ 4 ಟನ್ ಸಾಕು. ಆ ಗಾಜಿನ ಹೆಚ್ಚುವರಿ ಬೆಲೆಯನ್ನು 8 ಟನ್ ಎಸಿಯ ಬೆಲೆ ಮತ್ತು ಅದರ ಹತ್ತು ವರ್ಷದ ವಿದ್ಯುತ್ ಬಿಲ್ಲಿನೊಂದಿಗೆ ಹೋಲಿಸಿ ಡೀಲರ್ ಮುಂದಿಟ್ಟರೆ ವಾದ ಬೇಗ ಮುಗಿಯುತ್ತದೆ. ವಿದ್ಯುತ್ ಸಂಪರ್ಕದ ಹೊರೆ 100 ಕಿಲೋವ್ಯಾಟ್ ಅಥವಾ ಒಪ್ಪಂದದ ಬೇಡಿಕೆ 120 ಕೆವಿಎ ಮುಟ್ಟುವ ವಾಣಿಜ್ಯ ಕಟ್ಟಡಗಳಿಗೆಂದೇ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯನ್ನು ರೂಪಿಸಲಾಗಿದೆ. ಎಸಿ, ಕಂಪ್ರೆಸರ್, ಪೇಂಟ್ ಬೂತ್, ಕಾರು ಚಾರ್ಜರ್‌ಗಳು ಸೇರಿದರೆ ಮೂರೂ ಕೆಲಸಗಳ ಆವರಣ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ.

ಬಿಸಿಲು ಗಾಜನ್ನು ಮುಟ್ಟುವ ಮೊದಲೇ ತಡೆಯುವುದು ಇನ್ನೂ ಉತ್ತಮ. ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ 1 ಮೀಟರ್ ಚಾಚಿದ ಸಜ್ಜ ತನ್ನ ಕೆಳಗಿನ ಸುಮಾರು 1.3 ಮೀಟರ್ ಗಾಜಿಗೆ ನೆರಳು ಕೊಡುತ್ತದೆ. 4 ಮೀಟರ್ ಗಾಜಿಗೆ 3 ಮೀಟರ್ ಚಾಚು ಬೇಕು. ಜೂನಿನಲ್ಲಿ ಕರ್ನಾಟಕದಾದ್ಯಂತ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುವುದರಿಂದ ಉತ್ತರದ ಗಾಜಿಗೂ ಚಿಕ್ಕ ಸಜ್ಜ ಅಗತ್ಯ. ಪಶ್ಚಿಮದ ಇಳಿಬಿಸಿಲಿಗೆ ಸಜ್ಜ ನಿಷ್ಪ್ರಯೋಜಕ. ಅಲ್ಲಿ ನಿಲುವು ಪಟ್ಟಿಗಳು, ಆಳವಾದ ಮುಖಮಂಟಪ, ಇಲ್ಲವೇ ಗಾಜನ್ನೇ ಕಡಿಮೆ ಮಾಡಿ ಗೋಡೆ ಎಬ್ಬಿಸುವುದು, ಇವಷ್ಟೇ ದಾರಿ. ನೈರುತ್ಯದ ನಿವೇಶನವಾದರೆ ಶೋರೂಮನ್ನು ರಸ್ತೆಗೆ ಸಮಾನಾಂತರವಾಗಿ ಇಡದೆ ಕೊಂಚ ತಿರುಗಿಸಿ, ಗಾಜಿನ ಮುಖ್ಯ ಮುಖವನ್ನು ದಕ್ಷಿಣಕ್ಕೆ ಹೊರಳಿಸಿ ಪಶ್ಚಿಮದ ಕಡೆ ಗಟ್ಟಿ ಗೋಡೆ ಕೊಡುವುದನ್ನು ಪರಿಶೀಲಿಸಿ. ಕಂಪನಿಯ ವಿನ್ಯಾಸ ವಿಭಾಗ ಮೊದಲು ಹುಬ್ಬೇರಿಸುತ್ತದೆ; ಎಸಿಯ ಲೆಕ್ಕ ತೋರಿಸಿದರೆ ಕೇಳುತ್ತದೆ. ಹೆದ್ದಾರಿಯಲ್ಲಿ ಒಂದು ದಿಕ್ಕಿನಿಂದ ಬರುವವರಿಗೆ ಓರೆಯಾದ ಮುಖ ನೇರ ಮುಖಕ್ಕಿಂತ ಮೊದಲೇ ಕಾಣುತ್ತದೆ ಎಂಬುದು ಇದರ ಇನ್ನೊಂದು ಲಾಭ.

ಹಗಲಿನಲ್ಲಿ ಹೊರಗಿನ ಬೆಳಕು ಒಳಗಿಗಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ ಗಾಜು ಆಕಾಶವನ್ನೂ ಎದುರಿನ ಟ್ರಾಫಿಕ್ಕನ್ನೂ ಪ್ರತಿಫಲಿಸುತ್ತದೆ, ಒಳಗಿನ ಕಾರು ಕಾಣುವುದೇ ಇಲ್ಲ. ಆಳವಾದ ಮಂಟಪದ ನೆರಳು ಈ ಸಮಸ್ಯೆಯನ್ನೂ ತಗ್ಗಿಸುತ್ತದೆ. ಕಡು ಬಣ್ಣದ ಕನ್ನಡಿಗಾಜು ಹಾಕಿದರೆ ಬಿಸಿಲು ತಗ್ಗೀತು, ಆದರೆ ಶೋರೂಮ್ ಬ್ಯಾಂಕಿನ ಕಚೇರಿಯಂತೆ ಮುಚ್ಚಿಕೊಳ್ಳುತ್ತದೆ.

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಗಾಜಿನ ಹಾಳೆಯ ಅಳತೆ 3.66 ಮೀಟರ್ ಉದ್ದ, 2.44 ಮೀಟರ್ ಅಗಲ. ಗಾಜಿನ ಎತ್ತರವನ್ನು 3.6 ಮೀಟರಿಗೆ ನಿಲ್ಲಿಸಿದರೆ ನಡುವೆ ಅಡ್ಡ ಜೋಡಣೆ ಬೇಕಾಗುವುದಿಲ್ಲ. ಮುಂದೆ ಒಂದು ಹಾಳೆ ಒಡೆದರೂ ವಾರದೊಳಗೆ ಬದಲಿ ತರಿಸಬಹುದು. ಬಾಗಿಲ ಪಕ್ಕದ ಮತ್ತು ತಲೆಯ ಮೇಲಿನ ಗಾಜುಗಳು ಪದರ ಅಂಟಿಸಿದ ಲ್ಯಾಮಿನೇಟೆಡ್ ಆಗಿರಲಿ. ಟಫನ್ ಮಾಡಿದ (ಕಾಯಿಸಿ ಗಟ್ಟಿಗೊಳಿಸಿದ) ಗಾಜನ್ನು ಹೀಟ್ ಸೋಕ್ ಪರೀಕ್ಷೆ, ಅಂದರೆ ದೋಷವಿರುವ ಹಾಳೆ ಮೊದಲೇ ಒಡೆಯುವಂತೆ ಒಲೆಯಲ್ಲಿಟ್ಟು ಕಾಯಿಸುವ ಪರೀಕ್ಷೆ ಮಾಡಿಸಿಯೇ ತರಿಸಬೇಕು. ಇಲ್ಲದಿದ್ದರೆ ಒಳಗೆ ಉಳಿದ ನಿಕಲ್ ಸಲ್ಫೈಡಿನ ಕಣದಿಂದ ಯಾರೂ ಮುಟ್ಟದೆಯೇ ಒಂದು ದಿನ ಪುಡಿಯಾಗಬಹುದು. ಕಣ್ಣಿನೆತ್ತರದಲ್ಲಿ ಪಟ್ಟಿಯನ್ನೋ ಚಿತ್ತಾರವನ್ನೋ ಅಂಟಿಸದ ಸ್ವಚ್ಛ ಗಾಜಿಗೆ ಜನ ಹಣೆ ಹೊಡೆದುಕೊಳ್ಳುತ್ತಾರೆ.

ಕಾರು ನಿಲ್ಲುವ ನೆಲ, ಅದರ ಮೇಲಿನ ಬೆಳಕು

ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಸಣ್ಣ ಕಾರುಗಳು ತೆರಿಗೆಯ ಕಾರಣದಿಂದ 4 ಮೀಟರ್ ಉದ್ದದೊಳಗೆ ಇರುತ್ತವೆ. ಸುತ್ತ 1.2 ಮೀಟರ್ ಬಿಟ್ಟರೆ ಬಾಗಿಲು ತೆರೆದಿದ್ದಾಗಲೂ ಒಬ್ಬರು ನಿಲ್ಲಬಹುದು. ಹಾಗೆ ಲೆಕ್ಕ ಹಾಕಿದರೆ ಸಣ್ಣ ಕಾರಿಗೆ ಸುಮಾರು 27 ಚದರ ಮೀಟರ್, ಫಾರ್ಚ್ಯೂನರ್ ಗಾತ್ರದ ಕಾರಿಗೆ 31 ಚದರ ಮೀಟರ್ ಬೇಕು. ಎರಡು ದೊಡ್ಡ ಕಾರುಗಳು ಪಕ್ಕಪಕ್ಕ ನಿಲ್ಲಲು ಕಂಬಗಳ ನಡುವೆ 9 ಮೀಟರ್ ಅಂತರ ಸೂಕ್ತ. ಜಾಗ ಸಿಕ್ಕಿತೆಂದು ಒಂದು ಕಾರು ಹೆಚ್ಚಿಗೆ ತುಂಬುವ ಆಸೆ ಎಲ್ಲ ಡೀಲರುಗಳಿಗೂ ಬರುತ್ತದೆ. ಸುತ್ತು ಹಾಕಿ ನೋಡಲಾಗದ ಕಾರನ್ನು ಯಾರೂ ಕೊಳ್ಳುವುದಿಲ್ಲ.

ಕಾರು ಒಳಬರಲು ಕನಿಷ್ಠ 3 ಮೀಟರ್ ಅಗಲದ ಬಾಗಿಲು ಬೇಕು. ನೆಲ ಹೊರಗಿನಿಂದ 450 ಮಿಲಿಮೀಟರ್ ಎತ್ತರದಲ್ಲಿದ್ದರೆ, ಹನ್ನೆರಡಕ್ಕೆ ಒಂದರ ಇಳಿಜಾರಿನಲ್ಲಿ 5.4 ಮೀಟರ್ ಉದ್ದದ ರ‍್ಯಾಂಪ್ ಆಗುತ್ತದೆ. ಗಾಲಿಕುರ್ಚಿಗೆ ಬೇಕಾದ ಇಳಿಜಾರು ಅದೇ ಆದ್ದರಿಂದ ಕೈಹಿಡಿಕಂಬಿ ಹಾಕಿ ಒಂದೇ ರ‍್ಯಾಂಪನ್ನು ಎರಡಕ್ಕೂ ಬಳಸಬಹುದು, ಕಾರಿನ ಮೂತಿಯೂ ನೆಲಕ್ಕೆ ಉಜ್ಜುವುದಿಲ್ಲ.

ಟೈಲ್ಸ್ ಒಡೆಯುವುದಕ್ಕೆ ಕಾರಿನ ಭಾರಕ್ಕಿಂತ ಕೆಳಗಿನ ಪೊಳ್ಳು ಹೆಚ್ಚು ಕಾರಣ. ಎರಡು ಟನ್ ಮೀರಿದ ಕಾರಿನ ಒಂದೊಂದು ಚಕ್ರದ ಅಡಿ ಅರ್ಧ ಟನ್ನಿಗೂ ಹೆಚ್ಚು ಭಾರ ಅಂಗೈಯಗಲದ ಜಾಗಕ್ಕೆ ಬೀಳುತ್ತದೆ. ನಾಲ್ಕು ಮೂಲೆಗೆ ಗಾರೆ ಉಂಡೆ ಇಟ್ಟು ಟೈಲ್ಸ್ ಕೂರಿಸುವ ಹಳೆಯ ರೂಢಿ ಇಲ್ಲಿ ನಡೆಯದು. ಅಂಟನ್ನು ಹಲ್ಲಿನ ಕರಣೆಯಿಂದ ಪೂರ್ತಿ ಹರಡಿ, ಕೂರಿಸಿದ ಮಾರನೆಯ ದಿನ ಒಂದೊಂದನ್ನೂ ಮರದ ಹಿಡಿಯಿಂದ ತಟ್ಟಿ, ಪೊಳ್ಳು ಸದ್ದು ಬಂದದ್ದನ್ನು ಆಗಲೇ ಕೀಳಿಸಬೇಕು. ಮೊದಲ ಮಹಡಿಯಲ್ಲೂ ಕಾರು ಇಡುವುದಾದರೆ ಚಪ್ಪಡಿಯ ಲೆಕ್ಕ ಹಾಕುವ ಇಂಜಿನಿಯರಿಗೆ ಅದನ್ನು ಮೊದಲ ದಿನವೇ ಹೇಳಿರಬೇಕು. ಮೇಲಕ್ಕೊಯ್ಯಲು ಸುತ್ತು ರ‍್ಯಾಂಪ್ ಎಂದರೆ ವಾಸ್ತುಶಿಲ್ಪಿಗಳಿಗೆ ಮೋಹ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ನ್ಯೂಯಾರ್ಕಿನ ಪಾರ್ಕ್ ಅವೆನ್ಯೂನಲ್ಲಿ ಕಾರು ಆಮದುಗಾರ ಮ್ಯಾಕ್ಸ್ ಹಾಫ್‌ಮನ್ ಅವರಿಗಾಗಿ 1950ರ ದಶಕದ ನಡುವಿನಲ್ಲಿ ಮಾಡಿಕೊಟ್ಟ ಶೋರೂಮಿನಲ್ಲಿ ಅಂಥದೊಂದಿತ್ತು. 2013ರಲ್ಲಿ ಅದನ್ನು ಕೆಡವಿಹಾಕಿದರು. ಸೊಗಸಾದದ್ದೇ, ಆದರೆ ಜಿಲ್ಲಾ ಕೇಂದ್ರದ ಶೋರೂಮಿಗೆ ಹಿಂಬದಿಯಲ್ಲಿ ಒಂದು ಕಾರು ಲಿಫ್ಟ್ ಸಾಕು.

ಬೆಳಕಿನ ವಿಷಯದಲ್ಲಿ ಒಂದನ್ನು ಮನದಟ್ಟು ಮಾಡಿಕೊಂಡರೆ ಉಳಿದದ್ದು ತಾನಾಗಿ ಹೊಳೆಯುತ್ತದೆ: ಪಾಲಿಶ್ ಮಾಡಿದ ಕಾರಿನ ಮೈ ಒಂದು ಬಾಗಿದ ಕನ್ನಡಿ. ಗ್ರಾಹಕರು ಬಾನೆಟ್ಟಿನ ಮೇಲೆ ನೋಡುವುದು ಚಾವಣಿಯ ಬಿಂಬವನ್ನು. ಚಾವಣಿಯಲ್ಲಿ ಚುಕ್ಕಿಚುಕ್ಕಿ ಸ್ಪಾಟ್‌ಲೈಟುಗಳಿದ್ದರೆ ಕಪ್ಪು ಕಾರಿನ ಮೈತುಂಬ ಬಿಳಿ ಚುಕ್ಕಿಗಳೇಳುತ್ತವೆ. ಎಸಿ ಕೊಳವೆ, ಕೇಬಲ್ ತಟ್ಟೆಗಳು ತೆರೆದಿದ್ದರೆ ಅವೂ ಅಲ್ಲಿ ಮೂಡುತ್ತವೆ. ಕಾರಿನ ಉದ್ದಕ್ಕೆ ಸಮಾನಾಂತರವಾಗಿ ಉದ್ದನೆಯ, ಮಂಜುಮುಖದ ದೀಪಪಟ್ಟಿಗಳನ್ನು ಇಟ್ಟರೆ ಆ ಗೆರೆಗಳು ಬಾಗಿಲ ಮೇಲಿನ ಮಡಿಕೆಗಳನ್ನು ಎತ್ತಿ ತೋರಿಸುತ್ತವೆ. ಕಾರುಗಳ ಮೇಲೆ 750ರಿಂದ 1000 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ), ಕೂತು ಮಾತಾಡುವ ಜಾಗದಲ್ಲಿ 300ರಿಂದ 400 ಲಕ್ಸ್ ಇರಲಿ. ಬಣ್ಣದ ನಿಖರತೆಯ ಸೂಚ್ಯಂಕ 90ಕ್ಕಿಂತ ಕಡಿಮೆಯ ದೀಪ ಬೇಡ. ಒಳಗೆ ಕೆಂಪಾಗಿ ಕಂಡ ಕಾರು ಅಂಗಳಕ್ಕೆ ಬಂದಾಗ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಗ್ರಾಹಕರು ಸುಮ್ಮನಿರುವುದಿಲ್ಲ.

ಮುಂಭಾಗ ಮತ್ತು ಹೆಸರಿನ ಹಲಗೆ

ಈಗ ಎಲಿವೇಶನ್‌ಗೆ ಬರೋಣ. ಕಟ್ಟಡದ ಆಯುಷ್ಯಕ್ಕೂ ಬ್ರ್ಯಾಂಡಿನ ವೇಷಕ್ಕೂ ಹೋಲಿಕೆಯೇ ಇಲ್ಲ. ಮಾರುತಿ ಸುಜುಕಿ 2015ರಲ್ಲಿ ನೆಕ್ಸಾ ಎಂಬ ಹೊಸ ಸಾಲನ್ನು ಆರಂಭಿಸಿತು, 2017ರಲ್ಲಿ ಉಳಿದವನ್ನು ಅರೀನಾ ರೂಪಕ್ಕೆ ತರತೊಡಗಿತು. 2019ರಲ್ಲಿ ಇಲ್ಲಿ ಮಾರಾಟ ಶುರುಮಾಡಿದ ಕಿಯಾ 2021ರಲ್ಲಿ ಲಾಂಛನವನ್ನೇ ಬದಲಿಸಿತು. ಶೆವರ್ಲೆ 2017ರ ಕೊನೆಗೆ ನಮ್ಮ ಮಾರುಕಟ್ಟೆಯನ್ನು ಬಿಟ್ಟುಹೋಯಿತು. 2021ರಲ್ಲಿ ಫೋರ್ಡ್ ಇಲ್ಲಿನ ಮಾರುಕಟ್ಟೆಗಾಗಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಘೋಷಿಸಿತು. ಹಾಗಾಗಿ ಬ್ರ್ಯಾಂಡಿನ ರೂಪವನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ಯಬಾರದು. ಮುಖ್ಯ ಕಟ್ಟಡವನ್ನು ಸರಳ ಚೌಕಟ್ಟಾಗಿ ಕಟ್ಟಿ, ಅದರ ಮುಂದೆ ಸುಮಾರು ಮುಕ್ಕಾಲು ಮೀಟರ್ ಅಂತರದಲ್ಲಿ ಬೋಲ್ಟ್ ಹಾಕಿದ ಉಕ್ಕಿನ ಚೌಕಟ್ಟು ನಿಲ್ಲಿಸಿ, ಹಲಗೆಗಳನ್ನು ಅದಕ್ಕೆ ತಗುಲಿಸಬೇಕು. ನಡುವಿನ ಜಾಗದಲ್ಲಿ ಒಬ್ಬರು ನಡೆದಾಡಿ ವೈರಿಂಗ್ ಸರಿಪಡಿಸಬಹುದು, ಮುಂದೆ ಇಡೀ ವೇಷವನ್ನು ಕಳಚಿ ಬೇರೆಯದನ್ನು ತೊಡಿಸಬಹುದು. ಹಲಗೆಗೆ ಎಸಿಪಿ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ತಿರುಳಿರುವ ಫಲಕ) ಬಳಸುವಾಗ ಒಳತಿರುಳು ಬರಿಯ ಪಾಲಿಥಿನ್ ಆಗಿದ್ದರೆ ಬೆಂಕಿ ಮಹಡಿಯಿಂದ ಮಹಡಿಗೆ ಏರುತ್ತದೆ. ಖನಿಜ ತಿರುಳಿನದನ್ನೇ ಕೇಳಿ, ತಯಾರಕರ ಪರೀಕ್ಷಾ ವರದಿಯನ್ನು ಕಡತದಲ್ಲಿಡಿ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹೆಸರಿನ ಹಲಗೆಯ ಶೇಕಡ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಇದನ್ನು ಕಡೆಗಳಿಗೆಯಲ್ಲಿ ನೆನಪಿಸಿಕೊಂಡವರು ಇಂಗ್ಲಿಷ್ ಹಲಗೆಯ ಮೇಲೆ ಫ್ಲೆಕ್ಸ್ ಪಟ್ಟಿ ಕಟ್ಟಿ ಇಡೀ ಮುಂಭಾಗವನ್ನು ಕೆಡಿಸುತ್ತಾರೆ. ಮೊದಲ ನಕ್ಷೆಯಲ್ಲೇ ಹಲಗೆಯ ಪಟ್ಟಿಯನ್ನು ಎತ್ತರ ಮಾಡಿಕೊಳ್ಳಿ. ಒತ್ತಕ್ಷರ ಕೆಳಕ್ಕೂ ಗುಣಿತದ ಚಿಹ್ನೆ ಮೇಲಕ್ಕೂ ಚಾಚುವುದರಿಂದ ಕನ್ನಡದ ಸಾಲಿಗೆ ರೋಮನ್ ದೊಡ್ಡಕ್ಷರಗಳ ಸಾಲಿಗಿಂತ ಹೆಚ್ಚು ಎತ್ತರ ಬೇಕಾಗುತ್ತದೆ. ಕಂಪನಿಯ ಅಕ್ಷರವಿನ್ಯಾಸಕ್ಕೆ ಹೊಂದುವ ಕನ್ನಡ ಅಕ್ಷರಗಳನ್ನು ಒಬ್ಬ ಅಕ್ಷರ ಕಲಾವಿದರಿಂದ ಬರೆಸಿ, ಒಳದೀಪವಿರುವ ಅಕ್ಷರಗಳಾಗಿ ಮಾಡಿಸಿದರೆ ಹಲಗೆ ಮೊದಲಿನಿಂದಲೂ ಹಾಗೆಯೇ ಇತ್ತೆಂಬಂತೆ ಕಾಣುತ್ತದೆ. ಕರಾವಳಿಯಲ್ಲಿ ಇದರ ಉಕ್ಕಿನ ಚೌಕಟ್ಟಿಗೆ ಗ್ಯಾಲ್ವನೈಸ್ ಮಾಡಿಸದೆ ಬರೀ ಬಣ್ಣ ಬಳಿದರೆ ಉಪ್ಪುಗಾಳಿ ಬಹಳ ದಿನ ಬಿಡುವುದಿಲ್ಲ.

ವರ್ಕ್‌ಶಾಪ್ ಮತ್ತು ಉಳಿದವು

ಗ್ರಾಹಕರು ಕಾರು ಕೊಳ್ಳಲು ಬರುವುದು ಒಮ್ಮೆ, ಸರ್ವೀಸಿಗೆ ಬರುವುದು ವರ್ಷಗಟ್ಟಲೆ. ಹಾಗಿದ್ದೂ ವರ್ಕ್‌ಶಾಪನ್ನು ಹಿತ್ತಲಿನ ಶೆಡ್ ಎಂದು ಭಾವಿಸುವವರೇ ಹೆಚ್ಚು. 1.8 ಮೀಟರ್ ಎತ್ತರದ ಕಾರನ್ನು ಲಿಫ್ಟ್ 1.8 ಮೀಟರ್ ಎತ್ತಿದಾಗ ಅದರ ನೆತ್ತಿ 3.6 ಮೀಟರಿಗೆ ಬರುತ್ತದೆ. ತೆರೆದ ಹಿಂಬಾಗಿಲು, ದೀಪ, ಗಾಳಿಕೊಳವೆಗಳಿಗೆ ಜಾಗ ಬಿಟ್ಟರೆ ಚಾವಣಿ ಹೊರುವ ಟ್ರಸ್ಸಿನ ಕೆಳಗೆ 5 ಮೀಟರ್ ಖಾಲಿ ಇರಬೇಕು. ಒಂದೊಂದು ಕಾರಿಗೆ 4 ಮೀಟರ್ ಅಗಲ, 7 ಮೀಟರ್ ಉದ್ದ. ಚಾವಣಿಯ ಶೀಟಿಗೆ ಶಾಖನಿರೋಧಕ ಪದರ ಹಾಕಿ, ಉತ್ತರಕ್ಕೆ ಮುಖ ಮಾಡಿದ ಬೆಳಕಿಂಡಿಗಳನ್ನು ಕೊಟ್ಟರೆ ಹಗಲು ದೀಪವಿಲ್ಲದೆ ಕೆಲಸ ನಡೆಯುತ್ತದೆ. ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಮೆಕ್ಯಾನಿಕ್ ಕೂಡ ಸಂಜೆಯವರೆಗೆ ನಿಂತು ದುಡಿಯಬಲ್ಲ. ಮಳೆಗಾಲದ ಗಾಳಿ ನಮ್ಮಲ್ಲಿ ಪಶ್ಚಿಮದಿಂದ ಬೀಸುವುದರಿಂದ ಪೇಂಟ್ ಬೂತು, ಟಿಂಕರಿಂಗ್ ಜಾಗಗಳು ಆವರಣದ ಪೂರ್ವದಂಚಿನಲ್ಲಿರಲಿ.

ವಾಟರ್ ವಾಶ್ ಜಾಗದ ನೀರನ್ನು ಎಣ್ಣೆ ಬೇರ್ಪಡಿಸುವ ತೊಟ್ಟಿ ಮತ್ತು ಶುದ್ಧೀಕರಣ ಘಟಕದ ಮೂಲಕ ಹಾಯಿಸಿ ಮತ್ತೆ ತೊಳೆಯಲು ಬಳಸಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಗೆ ಈ ವಿವರಗಳು ಬೇಕೇ ಬೇಕು. ಬಳಸಿದ ಎಂಜಿನ್ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಸೋರಿದರೂ ಹೊರಹರಿಯದಂತೆ ಸುತ್ತ ಕಟ್ಟೆ ಇರುವ, ಚಾವಣಿ ಹಾಕಿದ ಕೋಣೆಯಲ್ಲಿ ಅದನ್ನು ಇಡಬೇಕು.

ವಿದ್ಯುತ್ ಕಾರುಗಳಿಗಾಗಿ ಇಂದು ನಾಲ್ಕು ಚಾರ್ಜರ್ ಹಾಕಿದರೂ ಹತ್ತಕ್ಕೆ ಆಗುವಷ್ಟು ಕೊಳವೆಗಳನ್ನು ನೆಲದಡಿ ಹೂತಿಡಿ, ಟ್ರಾನ್ಸ್‌ಫಾರ್ಮರ್ ಪಕ್ಕ ಇನ್ನೊಂದಕ್ಕೆ ಜಾಗ ಬಿಡಿ. ಅಪಘಾತದಲ್ಲಿ ಬ್ಯಾಟರಿಗೆ ಪೆಟ್ಟಾದ ಕಾರನ್ನು ಕಟ್ಟಡದಿಂದ ದೂರ, ಅಗ್ನಿಶಾಮಕ ವಾಹನ ಸುಲಭವಾಗಿ ತಲುಪುವ ಬಯಲಿನಲ್ಲಿ ನಿಲ್ಲಿಸಲು ಒಂದು ಜಾಗ ಗುರುತಿಸಿಡಿ.

ಕೆಲಸ ಮುಗಿಯುವ ಮುನ್ನ ಮಾಡಬೇಕಾದ ಪರೀಕ್ಷೆಗಳು ಮೂರು. ಕತ್ತಲಾದ ಮೇಲೆ ಒಂದು ಕಪ್ಪು ಕಾರು, ಒಂದು ಬಿಳಿ ಕಾರನ್ನು ಒಳಗೆ ನಿಲ್ಲಿಸಿ, ಚಾವಣಿಯ ದೀಪಗಳನ್ನು ಅಂತಿಮವಾಗಿ ಬಿಗಿಯುವ ಮೊದಲು ಬಿಂಬಗಳನ್ನು ನೋಡಿ ಸರಿಹೊಂದಿಸುವುದು ಮೊದಲನೆಯದು. ಡೆಲಿವರಿ ಅಂಗಳಕ್ಕೆ ಒಂದು ಟ್ಯಾಂಕರ್ ನೀರು ಸುರಿಸಿ ಎಲ್ಲಿ ನಿಲ್ಲುತ್ತದೆಂದು ಗುರುತಿಸುವುದು ಎರಡನೆಯದು. ಟ್ರೇಲರ್ ಚಾಲಕರೊಬ್ಬರನ್ನು ಕರೆಸಿ ಖಾಲಿ ಗಾಡಿಯನ್ನು ಆವರಣದಲ್ಲಿ ಒಂದು ಸುತ್ತು ಹಾಕಿಸುವುದು ಮೂರನೆಯದು. ಇದನ್ನು ಕಾಂಪೌಂಡ್ ಗೋಡೆ ಮತ್ತು ಗೇಟಿನ ಕಂಬಗಳು ಏಳುವ ಮೊದಲೇ ಮಾಡಬೇಕು, ಏಕೆಂದರೆ ಕಂಬವನ್ನು ಎರಡಡಿ ಸರಿಸುವುದು ಆ ಹಂತದಲ್ಲಿ ಸುಣ್ಣದ ಗೆರೆಯೊಂದನ್ನು ಅಳಿಸಿ ಬರೆಯುವಷ್ಟೇ ಕೆಲಸ.